ಬ್ರೌಸರ್ ಸ್ತಂಭನ ಮೀಮಾಂಸೆ (ಸೂತ್ರ ಮತ್ತು ಭಾಷ್ಯ)

ತಂತ್ರಶಾಸ್ತ್ರದವರು ಷಟ್ಕರ್ಮಗಳೆಂದು ಆರನ್ನು ಹೇಳುತ್ತಾರೆ: ಶಾಂತಿ, ವಶೀಕರಣ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ. ಹಿಂದಿನ ಸಾಧಕರಿಗೆ ಇವುಗಳಲ್ಲಿ ಒಂದು ಕೈಗೂಡಬೇಕಾದರೂ ಅಮಾವಾಸ್ಯೆ ಬೇಕಿತ್ತು, ಸ್ಮಶಾನ ಬೇಕಿತ್ತು, ಹೆದರದ ಗುರು ಬೇಕಿತ್ತು. ಈಗ 4 ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರೊಂದು ಹಾಲ್‌ನ ಮೂಲೆಯಲ್ಲಿದ್ದರೆ ಸಾಕು, ಎಲ್ಲವೂ ಹಾಡಹಗಲೇ ನೆರವೇರುತ್ತವೆ. "ನೋಟಿಫಿಕೇಷನ್ ಕಳಿಸಲೇ?" ಎಂದು ಕೇಳಿದ ವೆಬ್‌ಸೈಟಿಗೆಲ್ಲ ಅಲೋ ಒತ್ತುತ್ತ ಹೋಗುವುದು ವಶೀಕರಣ. ಒಂದು ಆಂಟಿವೈರಸ್ ಇರುವಾಗಲೇ ಇನ್ನೊಂದನ್ನು ತಂದು ಕೂರಿಸಿ, ಒಂದೇ ಫೈಲನ್ನು ಎರಡೂ ನಾ ಮೊದಲು ತಾ ಮೊದಲು ಎಂದು ತಪಾಸಣೆ ಮಾಡುವಂತೆ ಎತ್ತಿಕಟ್ಟುವುದು ವಿದ್ವೇಷಣ. ಈ ಪ್ರಬಂಧದ ವಿಷಯ ಮೂರನೆಯದು, ಸ್ತಂಭನ. ಮನೆಮಂದಿಯ ಮಾತಿನಲ್ಲಿ "ಹ್ಯಾಂಗ್ ಆಗಿದೆ". ಉಚ್ಚಾಟನ ಮಾರಣಗಳು ಪರಿಹಾರದ ಭಾಗದಲ್ಲಿ ಬರುತ್ತವೆ. ಶಾಂತಿಯ ಪ್ರಸ್ತಾಪ ಈ ಗ್ರಂಥದಲ್ಲಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ಅಧಿಕಾರಿ ಯಾರೆಂದರೆ, "ಅವನಿಗೆ ಕಂಪ್ಯೂಟರ್ ಗೊತ್ತು" ಎಂದು ಮನೆಯಲ್ಲಿ ಎಂದೋ ಹೆಸರು ಬಿದ್ದು, ಆಮೇಲೆ ಎಷ್ಟು ಒದ್ದಾಡಿದರೂ ಆ ಹೆಸರನ್ನು ಕಳೆದುಕೊಳ್ಳಲಾಗದವನು. ವಿಷಯ ಹೇಳಿಯಾಯಿತು. ಪ್ರಯೋಜನ: ಕರೆಂಟ್ ಬಿಲ್ಲಿನ ಪುಟ ಕಡೇ ತಾರೀಕಿನೊಳಗೆ ತೆರೆದುಕೊಳ್ಳುವುದು. ಸಂಬಂಧದ ಬಗ್ಗೆ ಮಾತ್ರ ಜಿಜ್ಞಾಸೆಯಿದೆ. ನಿಂತುಹೋದ ಕಂಪ್ಯೂಟರಿಗೂ ತಮಗೂ ಸಂಬಂಧವಿದೆಯೆಂದು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಸೂತ್ರಕಾರನೂ ಭಾಷ್ಯಕಾರನೂ ಒಬ್ಬನೇ. ಆದರೂ ಭಾಷ್ಯಕಾರನಿಗೆ ಸೂತ್ರಕಾರನ ಮೇಲೆ ಅಷ್ಟೇನೂ ಗೌರವವಿಲ್ಲ ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಸೂತ್ರ 1: ನಿಂತದ್ದೆಲ್ಲ ಸತ್ತದ್ದಲ್ಲ.

ಭಾಷ್ಯ: ಸ್ತಂಭನದ ಲಕ್ಷಣವನ್ನು ಮೊದಲು ನಿರೂಪಿಸಬೇಕು. ಪುಟ ಅಲ್ಲೇ ಇದೆ. ಸ್ಕ್ರೋಲ್ ಮಾಡಿದರೆ ಜಗ್ಗುವುದಿಲ್ಲ. ಬಾಣ ಉಂಗುರವಾಗಿ ತಿರುಗುತ್ತದೆ. ಮೇಲಿನ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿದೊಡನೆ ಇಡೀ ಕಿಟಕಿ ಸುಣ್ಣ ಬಳಿದಂತೆ ಬಿಳಿಚಿ, ತಲೆಬರಹದಲ್ಲಿ "ನಾಟ್ ರೆಸ್ಪಾಂಡಿಂಗ್" ಎಂದು ಮೂಡುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ವಿಂಡೋಸ್ ಪ್ರತಿಯೊಂದು ಪ್ರೋಗ್ರಾಮಿಗೂ ಕ್ಲಿಕ್ಕು, ಕೀಲಿ ಇತ್ಯಾದಿ ಸಂದೇಶಗಳನ್ನು ಸರದಿಯಲ್ಲಿ ಇಟ್ಟಿರುತ್ತದೆ. 5 ಸೆಕೆಂಡ್ ಕಳೆದರೂ ಪ್ರೋಗ್ರಾಮು ಸರದಿಯತ್ತ ತಿರುಗಿ ನೋಡದಿದ್ದರೆ, ಅದರ ಕಿಟಕಿಯನ್ನು ಮರೆಮಾಡಿ ಆ ಜಾಗದಲ್ಲಿ ಅಂಥದೇ ಒಂದು ನಕಲಿ ಕಿಟಕಿಯನ್ನು ನಿಲ್ಲಿಸುತ್ತದೆ. ಸರಿಸುವುದಕ್ಕೆ, ಹಿಗ್ಗಿಸಿ ಕುಗ್ಗಿಸುವುದಕ್ಕೆ, ಮುಚ್ಚುವುದಕ್ಕೆ ಮಾತ್ರ ಬರುವ ಈ ಕಿಟಕಿಗೆ ವಿಂಡೋಸ್ ಕಡೆಯ ಶಾಸ್ತ್ರಕಾರರು ಭೂತಕಿಟಕಿ ಎಂದೇ ಹೆಸರಿಟ್ಟಿದ್ದಾರೆ. ರಾವಣ ಹೊತ್ತೊಯ್ದದ್ದು ಛಾಯಾಸೀತೆಯನ್ನು ಎಂಬ ಪಾಠ ಕೆಲವು ರಾಮಾಯಣಗಳಲ್ಲಿದೆ. ಬಿಳಿಚಿದ ಕಿಟಕಿಗೆ ಬೈಯುವ ಗೃಹಸ್ಥನ ಸ್ಥಿತಿಯೂ ಅದೇ: ಬೈಗುಳ ಛಾಯೆಗೆ ತಾಗುತ್ತದೆ, ಮೂಲ ಬ್ರೌಸರು ಹಿಂದೆ ತನ್ನ ಪಾಡಿಗೆ ತಾನಿರುತ್ತದೆ.

ಬಿಳಿಚುವ ಮುಂಚೆ ಸಿಟ್ಟಿನಲ್ಲಿ ಒತ್ತಿದ ಕ್ಲಿಕ್ಕುಗಳು ಎಲ್ಲಿಗೂ ಹೋಗುವುದಿಲ್ಲ, ಸರದಿಯಲ್ಲೇ ಕೂತಿರುತ್ತವೆ. ಬ್ರೌಸರಿಗೆ ಎಚ್ಚರವಾದಾಗ ಒಂದೊಂದಾಗಿ ಜಾರಿಗೆ ಬರುತ್ತವೆ. ಹಣ ಕಟ್ಟುವ ಪುಟದಲ್ಲಿ ಪೇ ಗುಂಡಿಯನ್ನು ಪಟಪಟನೆ ಒತ್ತಿದವರು ಈ ಭಾಗವನ್ನು ಎರಡು ಸಲ ಓದತಕ್ಕದ್ದು.

ಸ್ತಂಭನ ಮೂರು ಬಗೆ. ಒಂದು ಟ್ಯಾಬು ನಿಂತು ಉಳಿದವು ಓಡಾಡುತ್ತಿದ್ದರೆ ಪುಟಸ್ತಂಭ. ಬ್ರೌಸರಷ್ಟೇ ನಿಂತು ಕ್ಯಾಲ್ಕ್ಯುಲೇಟರ್ ತೆರೆದುಕೊಂಡರೆ ಗವಾಕ್ಷಸ್ತಂಭ. ಬಾಣವೂ ಅಲುಗದಿದ್ದರೆ ಸರ್ವಸ್ತಂಭ. ಮೂರನೆಯದರಲ್ಲಿ ನಾಡಿ ನೋಡುವ ಕ್ರಮ: ಕ್ಯಾಪ್ಸ್‌ಲಾಕ್ ಕೀಲಿಯನ್ನು ಒತ್ತಿ ಅದರ ದೀಪವನ್ನು ಗಮನಿಸುವುದು. ದೀಪ ಹತ್ತಿ ಆರಿದರೆ ಯಂತ್ರದಲ್ಲಿ ಜೀವವಿದೆ, ಕಾಯಬಹುದು. ಒತ್ತಿದಷ್ಟು ಸಲವೂ ಅದೇ ಸ್ಥಿತಿಯಲ್ಲಿದ್ದರೆ ಪವರ್ ಬಟನ್ ಅದುಮಿ ಹಿಡಿಯುವುದೊಂದೇ ಗತಿ.

ಸೂತ್ರ 2: ಮುಟ್ಟಿಲ್ಲವೆಂಬುದು ಪ್ರಮಾಣವಲ್ಲ.

ಭಾಷ್ಯ: ಇದು ಪೂರ್ವಪಕ್ಷದ ಭಾಗ. ಘಟನಾ ಸ್ಥಳದಲ್ಲಿ ಲಭ್ಯವಾಗುವ ಮೊದಲ ಶಬ್ದಪ್ರಮಾಣ ಯಾವಾಗಲೂ ಒಂದೇ: "ನಾನೇನೂ ಮುಟ್ಟಿಲ್ಲ ಕಣಪ್ಪ, ಅದರ ಪಾಡಿಗೆ ಅದೇ ನಿಂತೋಯ್ತು." ಹೇಳಿದವರು ತಾಯಿಯಾದರೆ ಆಪ್ತವಾಕ್ಯವೆಂದು ಒಪ್ಪಬೇಕಾಗುತ್ತದೆ. ಆದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಂದೇ ಪಂಚಾಂಗದ ಪಿಡಿಎಫ್ ಮೇಲಿಂದ ಮೇಲೆ, ಹೆಸರಿನ ಕೊನೆಗೆ ಬ್ರಾಕೆಟ್ಟಿನಲ್ಲಿ ಏರುತ್ತ ಹೋಗುವ ಅಂಕಿಗಳೊಂದಿಗೆ ಇಳಿದು ಕೂತಿರುವುದು ಪ್ರತ್ಯಕ್ಷ. ಶಬ್ದಕ್ಕೂ ಪ್ರತ್ಯಕ್ಷಕ್ಕೂ ವಿರೋಧ ಬಂದಾಗ ಯಾವುದು ಬಲವತ್ತರ ಎಂಬ ಚರ್ಚೆಯನ್ನು ಊಟವಾದ ಮೇಲೆ ಎತ್ತಿಕೊಳ್ಳುವುದು ಕ್ಷೇಮ.

ಉಳಿದ ಮತಗಳನ್ನು ಬೇಗ ಖಂಡಿಸಬಹುದು. ವೈರಸ್‌ವಾದಿಗಳು ಎಲ್ಲಕ್ಕೂ ವೈರಸ್ಸೇ ಕಾರಣವೆನ್ನುತ್ತಾರೆ. ಇದು ಊರಲ್ಲಿ ಏನೇ ಆದರೂ ಗಾಳಿ ಸೋಕಿದೆ ಎನ್ನುವವರ ಮತದ ಶಾಖೆ. ನೆಟ್‌ವಾದಿಗಳು ಎದ್ದು ಹೋಗಿ ರೂಟರನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ಅವರಿಗೆ ಉತ್ತರ: ನೆಟ್ ಇಲ್ಲದಿದ್ದರೆ ಪುಟ ಬರುವುದಿಲ್ಲ, ಬರುತ್ತಿದೆಯೆಂದು ಟ್ಯಾಬಿನ ತುದಿಯಲ್ಲಿ ಚಕ್ರ ತಿರುಗುತ್ತದೆ, ಅಷ್ಟೆ. ಅಷ್ಟರಲ್ಲಿ ಪಕ್ಕದ ಟ್ಯಾಬಿಗೆ ಹೋಗಬಹುದು, ಕಿಟಕಿ ಮುಚ್ಚಬಹುದು. ನೆಟ್ ಹೋದದ್ದಕ್ಕೆ ಕಿಟಕಿ ಬಿಳಿಚುವುದಿಲ್ಲ.

ಫಾರ್ಮ್ಯಾಟ್‌ವಾದ ಗಟ್ಟಿ ಎದುರಾಳಿ. ಇದರ ಪೀಠ ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿ. "ಸರ್, ಒಂದ್ಸಲ ವಿಂಡೋಸ್ ಹೊಡೆದ್ಬಿಡೋಣ, ಜಮ್ ಅಂತ ಓಡುತ್ತೆ" ಎಂಬುದು ಅವರ ಮಹಾವಾಕ್ಯ. ಓಡುವುದು ನಿಜ. ಏಕೆ ಓಡುತ್ತದೆಯೆಂದರೆ ಆಗ ಅದರಲ್ಲಿ ಏನೂ ಇರುವುದಿಲ್ಲ: ತಂಗಿಯ ಮದುವೆಯ ಫೋಟೋಗಳೂ ಇಲ್ಲ, ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ವಂಶವೃಕ್ಷವೂ ಇಲ್ಲ. ಇದು ಶೂನ್ಯವಾದ, ಇದನ್ನು ಖಂಡಿಸಿದ ಆಚಾರ್ಯರು ಹಿಂದೆಯೇ ಆಗಿಹೋಗಿದ್ದಾರೆ.

ಕೊನೆಯದು ಮಗನ ಮತ: "ಅಪ್ಪಾ, ಇದನ್ನ ಗುಜರಿಗೆ ಹಾಕಿ ಹೊಸದು ತಗೊಳಪ್ಪ." ಪ್ರಮಾಣವೇ ಇಲ್ಲದ ಮತವಾದ್ದರಿಂದ ಖಂಡನೆಯ ಅಗತ್ಯವಿಲ್ಲ.

ಸೂತ್ರ 3: ಒಬ್ಬನೇ ಭಟ್ಟ, ಪಂಕ್ತಿ ಹಲವು.

ಭಾಷ್ಯ: ಸೂತ್ರಕಾರ ಹಸಿದಿದ್ದಾಗ ಬರೆದದ್ದಿರಬೇಕು. ಆದರೂ ಅರ್ಥ ಸರಿಯಾಗಿದೆ. ಒಂದು ವೆಬ್ ಪುಟದಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವುದು, ಅಕ್ಷರ ಚಿತ್ರಗಳನ್ನು ಎಲ್ಲೆಲ್ಲಿ ಇಡಬೇಕೆಂದು ಲೆಕ್ಕ ಹಾಕುವುದು, ನಿಮ್ಮ ಕ್ಲಿಕ್ಕಿಗೆ ಓಗೊಡುವುದು, ಈ ಮೂರೂ ಮುಖ್ಯವಾಗಿ ಒಂದೇ ಎಳೆಯಲ್ಲಿ ನಡೆಯುತ್ತವೆ. ಒಲೆ ಮುಂದೆ ನಿಂತವನೇ ಬಡಿಸಬೇಕು, ಬಾಗಿಲು ತಟ್ಟಿದರೆ ಅವನೇ ಹೋಗಿ ತೆಗೆಯಬೇಕು. ಜಾಹೀರಾತಿನ ಸ್ಕ್ರಿಪ್ಟೊಂದು ಮುಗಿಯದ ಲೆಕ್ಕದಲ್ಲಿ ಬಿದ್ದರೆ ಉಳಿದ ಕೆಲಸಗಳೆಲ್ಲ ಕಾಯುತ್ತವೆ. ಬ್ರೌಸರು ನಿಂತಿದೆ ಎಂದು ನಾವು ಹೇಳುವಾಗ ಒಳಗೆ ಯಾರೂ ನಿಂತಿರುವುದಿಲ್ಲ, ಒಬ್ಬ ಮೈಮುರಿದು ದುಡಿಯುತ್ತಿರುತ್ತಾನೆ.

ಈ ಜಾವಾಸ್ಕ್ರಿಪ್ಟನ್ನು ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರ ಮೇ ತಿಂಗಳಿನಲ್ಲಿ 10 ದಿನದಲ್ಲಿ ಬರೆದರು. ನಮ್ಮಲ್ಲಿ ಮನೆಗೆ ಸುಣ್ಣ ಹೊಡೆಸಲೂ ಅದಕ್ಕಿಂತ ಹೆಚ್ಚು ದಿನ ಬೇಕು. ಆಗಿನ ಬ್ರೌಸರುಗಳಲ್ಲಿ ಎಲ್ಲ ಪುಟಗಳೂ ಒಂದೇ ಪ್ರೊಸೆಸ್ಸಿನೊಳಗೆ ಇರುತ್ತಿದ್ದವು. ಒಂದು ಪುಟ ಕೂತರೆ ಎಲ್ಲವೂ ಕೂರುತ್ತಿದ್ದವು. 2008ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬಂದಾಗ ಟ್ಯಾಬುಗಳನ್ನು ಬೇರೆಬೇರೆ ಪ್ರೊಸೆಸ್ಸುಗಳಲ್ಲಿ ಇಟ್ಟಿರುವುದನ್ನೇ ದೊಡ್ಡದಾಗಿ ಹೇಳಿಕೊಂಡಿತು. ಅದನ್ನು ವಿವರಿಸಲು ಗೂಗಲ್‌ನವರು ಸ್ಕಾಟ್ ಮೆಕ್‌ಕ್ಲೌಡ್ ಕೈಯಲ್ಲಿ ಒಂದು ಕಾಮಿಕ್ ಪುಸ್ತಕವನ್ನೇ ಬರೆಸಿದರು. (ಶಾಸ್ತ್ರಗ್ರಂಥಗಳಲ್ಲಿ ಬೊಂಬೆಗಳಿರುವುದು ಇದೊಂದರಲ್ಲೇ ಇರಬೇಕು.) ಫೈರ್‌ಫಾಕ್ಸ್ 2016ರಿಂದ ಹಂತಹಂತವಾಗಿ ಅದೇ ದಾರಿ ಹಿಡಿಯಿತು. ಒಟ್ಟು ಕುಟುಂಬ ಒಡೆದು ಎಲ್ಲರೂ ಬೇರೆ ಒಲೆ ಹೂಡಿದರು. ಜಗಳ ಕಡಿಮೆಯಾಯಿತು, ಸೌದೆಯ ಖರ್ಚು ಹೆಚ್ಚಿತು. ಸೌದೆ ಎಂದರೆ ರ‍್ಯಾಮು. 2018ರಲ್ಲಿ ಸ್ಪೆಕ್ಟರ್ ಎಂಬ ಸುರಕ್ಷಾ ದೋಷ ಬೆಳಕಿಗೆ ಬಂದ ಮೇಲೆ ಕ್ರೋಮ್ ಪುಟದೊಳಗೆ ಹುದುಗಿದ ಪರವೂರಿನ ಜಾಹೀರಾತು ಚೌಕಟ್ಟುಗಳನ್ನೂ ಬೇರೆ ಇರಿಸತೊಡಗಿತು. ಸೌದೆಗೆ ಮತ್ತೂ ಖರ್ಚು.

ಇಲ್ಲಿಂದ ಸ್ತಂಭನದ ಎರಡನೆಯ ಕಾರಣ ಹುಟ್ಟುತ್ತದೆ. ರ‍್ಯಾಮು ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡವಾದದ್ದನ್ನು ಹಾರ್ಡ್ ಡಿಸ್ಕಿಗೆ ಸಾಗಿಸುತ್ತದೆ. ಮರುಕ್ಷಣ ಅದೇ ಬೇಕಾಗಿ ವಾಪಸ್ ತರುತ್ತದೆ. ತಂದದ್ದನ್ನಿಡಲು ಜಾಗ ಸಾಲದೆ ಇನ್ನೊಂದನ್ನು ಸಾಗಿಸುತ್ತದೆ. ರ‍್ಯಾಮಿನಲ್ಲಿ ಒಂದು ಸಂಗತಿಯನ್ನು ಹುಡುಕಿ ತರುವುದಕ್ಕಿಂತ ತಿರುಗುವ ಡಿಸ್ಕಿನಿಂದ ತರಲು ಸುಮಾರು 1 ಲಕ್ಷ ಪಟ್ಟು ಸಮಯ ಬೇಕು. ಕಂಪ್ಯೂಟರು ಕೊನೆಗೆ ಸಾಗಣೆಯನ್ನಷ್ಟೇ ಮಾಡುತ್ತಿರುತ್ತದೆ, ಕೆಲಸ ಮಾಡುವುದಿಲ್ಲ. ಪೀಟರ್ ಡೆನ್ನಿಂಗ್ 1968ರಲ್ಲೇ ಈ ರೋಗದ ಕಾರಣ ಮತ್ತು ನಿವಾರಣೆಯ ಬಗ್ಗೆ ಪ್ರಬಂಧ ಬರೆದಿದ್ದಾರೆ. ಮನೆಯಲ್ಲಿ ಗುರುತಿಸುವುದು ಸುಲಭ: ಕ್ಯಾಬಿನೆಟ್ಟಿನ ಮುಂದಿನ ಡಿಸ್ಕ್ ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತದೆ, ಒಳಗಿನಿಂದ ಕರಕರ ಸದ್ದು. ಡಿಸ್ಕ್ ಸುಮ್ಮನಿದ್ದು ಫ್ಯಾನ್ ಮಾತ್ರ ಭೋರ್ಗರೆದರೆ ಅದು ಮೊದಲ ಕಾರಣ, ಯಾವುದೋ ಸ್ಕ್ರಿಪ್ಟು. ಎಲ್ಲೆಲ್ಲಿ ಫ್ಯಾನಿನ ಗರ್ಜನೆಯೋ ಅಲ್ಲಲ್ಲಿ ದುಡಿಯುವ ಸಿಪಿಯು ಎಂಬ ಈ ಅನುಮಾನಕ್ಕೆ ಧೂಳು ಕಟ್ಟಿದ ಕ್ಯಾಬಿನೆಟ್ಟಿನಲ್ಲಿ ವ್ಯಭಿಚಾರದೋಷ ಬರುತ್ತದೆ. ಆಯುಧಪೂಜೆಯ ದಿನ ಮಾನಿಟರಿಗೆ ಕುಂಕುಮ ಹಚ್ಚುವ ಮುನ್ನ ಫ್ಯಾನಿನ ಧೂಳು ಹೊಡೆಯುವುದು ಒಳ್ಳೆಯದು.

ಸೂತ್ರ 4: ಹೆಸರು ತಿಳಿದು ಮಾರಣ.

ಭಾಷ್ಯ: ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ತ್ರ್ಯಕ್ಷರಿಯನ್ನು 1981ರಲ್ಲಿ ಹೊರಬಂದ ಐಬಿಎಂ ಪಿಸಿಗಾಗಿ ಡೇವಿಡ್ ಬ್ರಾಡ್ಲಿ ರೂಪಿಸಿದರು, ಆಗ ಅದು ಯಂತ್ರವನ್ನೇ ಹೊಸದಾಗಿ ಎಬ್ಬಿಸುತ್ತಿತ್ತು. ಗೃಹಸ್ಥರು ಈಗ ಅದನ್ನು ಹಿಡಿದು ಟಾಸ್ಕ್ ಮ್ಯಾನೇಜರಿಗೆ ಹೋಗಿ, ಅಲ್ಲಿ ಬ್ರೌಸರಿನ ಹೆಸರು ಕಂಡ ಕೂಡಲೇ ಎಂಡ್ ಟಾಸ್ಕ್ ಒತ್ತುತ್ತಾರೆ. ಕಳ್ಳನೊಬ್ಬನಿದ್ದಾನೆಂದು ಊರಿಗೇ ಬೆಂಕಿಯಿಟ್ಟಂತಾಯಿತು. ಕ್ರೋಮಿನೊಳಗೇ ಒಂದು ಪುಟ್ಟ ಟಾಸ್ಕ್ ಮ್ಯಾನೇಜರ್ ಇದೆ: ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಬೇಕು. ಅಲ್ಲಿ ಒಂದೊಂದು ಟ್ಯಾಬೂ ಎಕ್ಸ್‌ಟೆನ್ಷನ್ನೂ ಹೆಸರು ಸಮೇತ ಸಾಲಾಗಿ ಕೂತಿರುತ್ತವೆ, ಎದುರಿಗೆ ಎಷ್ಟು ಮೆಮೊರಿ, ಎಷ್ಟು ಸಿಪಿಯು ಎಂಬ ಲೆಕ್ಕ. ಮೆಮೊರಿ ಕಾಲಮ್ಮಿನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ. ನಮ್ಮ ಮನೆಯಲ್ಲಿ ಆ ಪಟ್ಟಿ ತೆರೆದಾಗ ಅಗ್ರಸ್ಥಾನದಲ್ಲಿ ಕಂಡದ್ದು ಎಲ್ಲ ಅಂಗಡಿಗಳ ಕೂಪನ್ ಹುಡುಕಿಕೊಡುತ್ತೇನೆಂದು ಬಂದು ಸೇರಿಕೊಂಡಿದ್ದ ಒಂದು ಎಕ್ಸ್‌ಟೆನ್ಷನ್. ಕರೆದವರು ಯಾರು? ಸೂತ್ರ 2ರ ಶಬ್ದಪ್ರಮಾಣವನ್ನೇ ಎಲ್ಲರೂ ಪುನರುಚ್ಚರಿಸಿದರು. ಅಂಥದರ ಮೇಲೆ ಬೆರಳಿಟ್ಟು ಎಂಡ್ ಪ್ರೊಸೆಸ್ ಒತ್ತಿದರೆ ಸಾಮಾನ್ಯವಾಗಿ ಅದೊಂದೇ ಹೋಗುತ್ತದೆ, ಉಳಿದ ಪುಟಗಳು ಬದುಕುತ್ತವೆ.

ಅನುಮಾನವಿದ್ದರೆ ಅನ್ವಯ ವ್ಯತಿರೇಕ ನೋಡಬೇಕು. ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅದೇ ಪುಟ ತೆರೆಯುವುದು. ನಾವಾಗಿ ಅನುಮತಿ ಕೊಡದ ಎಕ್ಸ್‌ಟೆನ್ಷನ್‌ಗಳು ಅಲ್ಲಿಗೆ ಬರುವಂತಿಲ್ಲ. ಅಲ್ಲಿ ಪುಟ ಸರಾಗವಾಗಿ ಓಡಿ ಇಲ್ಲಿ ನಿಂತರೆ ಎಕ್ಸ್‌ಟೆನ್ಷನ್ನೇ ಮೊದಲ ಆರೋಪಿ. ಆಗ ಉಚ್ಚಾಟನ: ಅರ್ಧವನ್ನು ಆಫ್ ಮಾಡಿ ನೋಡುವುದು, ಸರಿಹೋದರೆ ದೋಷಿ ಆ ಅರ್ಧದಲ್ಲಿದೆ, ಅದನ್ನು ಮತ್ತೆ ಅರ್ಧ ಮಾಡುವುದು. ಫೈರ್‌ಫಾಕ್ಸ್‌ನವರು ಶಿಫ್ಟ್ ಹಿಡಿದುಕೊಂಡು ಬ್ರೌಸರ್ ತೆರೆದರೆ ಟ್ರಬಲ್‌ಶೂಟ್ ಮೋಡ್ ಬೇಕೇ ಎಂದು ಅದು ಕೇಳುತ್ತದೆ, ಫಲ ಅದೇ. ವಿಡಿಯೊ ನೋಡುವಾಗಲೇ ನಿಲ್ಲುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಆಫ್ ಮಾಡಿ ನೋಡಬಹುದು. ಕ್ಯಾಶೆ ಕ್ಲಿಯರ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ, ಸ್ತಂಭನಕ್ಕೆ ಅದರಿಂದ ಗುಣ ಕಾಣುವುದು ಅಪರೂಪ. ಉಪವಾಸದಂತೆ, ಮಾಡಿದವರಿಗೆ ಏನೋ ಮಾಡಿದೆವೆಂಬ ಸಮಾಧಾನ.

ಸೂತ್ರ 5: ಮುಚ್ಚದ ಟ್ಯಾಬು ತೀರದ ಋಣ.

ಭಾಷ್ಯ: ಆರೋಪಿಗಳೆಲ್ಲ ಖುಲಾಸೆಯಾದ ಮೇಲೂ ಯಂತ್ರ ನಿಲ್ಲುತ್ತಿದ್ದರೆ ಟ್ಯಾಬು ಎಣಿಸಬೇಕು. ನಮ್ಮಲ್ಲಿ ಟ್ಯಾಬುಗಳು ಹೆಸರು ಕಾಣದಷ್ಟು ಕಿರಿದಾಗಿ, ಸಾಲಾಗಿ ನಿಂತ ಚಿಕ್ಕ ಚಿಕ್ಕ ಗುರುತುಗಳಷ್ಟೇ ಉಳಿದಿದ್ದವು. "ರೀ, ಆ ಹೀರೇಕಾಯಿ ಸಿಪ್ಪೆ ಚಟ್ನೀದು ಮುಚ್ಚಬೇಡಿ, ಇನ್ನೂ ಮಾಡಿಲ್ಲ." "ಆ ದೇವಸ್ಥಾನದ ಲೈವ್ ಇರಲಿ ಕಣೋ, ಸಂಜೆ ಮಂಗಳಾರತಿ ಇದೆ." ಬಾಕಿ ಉಳಿದವು ಬಹುಪಾಲು ಈ ಭಾಷ್ಯಕಾರನವು: ಪುರುಸೊತ್ತಾದಾಗ ಓದಬೇಕೆಂದು ತೆರೆದಿಟ್ಟ ದೀರ್ಘ ಲೇಖನಗಳು. ಅವು ಸಂಶೋಧನಾ ಸಾಮಗ್ರಿಯಾದ್ದರಿಂದ ಋಣದ ಲೆಕ್ಕಕ್ಕೆ ಬರುವುದಿಲ್ಲ. ಕ್ರೋಮಿನ ಮೆಮೊರಿ ಸೇವರ್, ಎಡ್ಜಿನ ಸ್ಲೀಪಿಂಗ್ ಟ್ಯಾಬ್ಸ್ ಮುಟ್ಟದ ಟ್ಯಾಬುಗಳನ್ನು ಮಲಗಿಸುತ್ತವೆ. ತಪ್ಪಿ ಮುಚ್ಚಿದ್ದನ್ನು ಕಂಟ್ರೋಲ್, ಶಿಫ್ಟ್, ಟಿ ಒತ್ತಿ ಎಬ್ಬಿಸಬಹುದು ಎಂದು ಮನೆಯವರಿಗೆ ಹೇಳಿಕೊಟ್ಟ ದಿನದಿಂದ ಮುಚ್ಚುವ ಭಯ ತಗ್ಗಿದೆ.

ಸೂತ್ರ 6: ಕೆಲವಕ್ಕೆ ಹೊಸತೇ ಮದ್ದು.

ಭಾಷ್ಯ: ವಿಂಡೋಸ್ 7 ಮತ್ತು 8.1ರಲ್ಲಿ ಓಡುವ ಕೊನೆಯ ಕ್ರೋಮ್ ಆವೃತ್ತಿ 109. 2023ರ ಆರಂಭದಿಂದ ಮುಂದಿನ ಯಾವುದೂ ಅವುಗಳಿಗೆ ಬಂದಿಲ್ಲ. ವೆಬ್‌ಸೈಟುಗಳು ಮಾತ್ರ ಹೊಸ ಬ್ರೌಸರನ್ನೇ ನಂಬಿಕೊಂಡು ಬೆಳೆಯುತ್ತಿರುತ್ತವೆ. ಅಂಥ ಯಂತ್ರದಲ್ಲಿ ಮೇಲಿನ ಐದು ಸೂತ್ರಗಳನ್ನು ಪಾಲಿಸಿದರೂ ಇಂದಲ್ಲ ನಾಳೆ ಪುಟ ನಿಲ್ಲುತ್ತದೆ ಎಂಬುದು ವಸ್ತುತಃ ಸತ್ಯ. ಇದನ್ನು ಒಪ್ಪಿದರೆ ಪೂರ್ವಪಕ್ಷದ ಕೊನೆಯ ಮತ, ಖಂಡನೆಗೂ ಯೋಗ್ಯವಲ್ಲವೆಂದು ನಾವು ಬಿಟ್ಟಿದ್ದ ಮಗನ ಮತ, ಸಿದ್ಧಾಂತವಾಗಿಬಿಡುತ್ತದೆ. ಆದರೆ ಈ ಸೂತ್ರದ ಪ್ರಾಮಾಣ್ಯದ ಬಗ್ಗೆ ಬಲವಾದ ಸಂದೇಹಗಳಿವೆ. ಉಳಿದ ಐದು ಸೂತ್ರಗಳೂ ನುಡಿ ಫಾಂಟಿನಲ್ಲಿವೆ, ಇದೊಂದು ತುಂಗಾದಲ್ಲಿದೆ. ಇದರ ಕೆಳಗೆ ಎಸ್‌ಎಸ್‌ಡಿ ಇರುವ 16 ಜಿಬಿ ಲ್ಯಾಪ್‌ಟಾಪೊಂದರ ಲಿಂಕನ್ನೂ ಯಾರೋ ಅಂಟಿಸಿದ್ದಾರೆ. ಆದ್ದರಿಂದ ಸೂತ್ರ 6 ಪ್ರಕ್ಷಿಪ್ತ ಎಂಬುದು ಭಾಷ್ಯಕಾರನ ನಿರ್ಣಯ. ಲಿಂಕನ್ನು ಒತ್ತಿ ನೋಡಲಾಯಿತು. ಪುಟ ಅರ್ಧ ತೆರೆದುಕೊಂಡು, ಬೆಲೆ ಕಾಣುವಷ್ಟರಲ್ಲಿ ಕಿಟಕಿ ಬಿಳಿಚಿತು.