ಸಬ್ಬಸಿಗೆ-ಅವರೆ ಆಕರ್ಷಣ ಸಿದ್ಧಾಂತ: ಒಂದು ಘನ ಪ್ರಬಂಧ

ವಿಶ್ವದಲ್ಲಿ ಮೂಲಬಲಗಳು ನಾಲ್ಕೇ ಎಂದು ಭೌತವಿಜ್ಞಾನಿಗಳು ಹೇಳುವುದು, ಅವರು ಧನುರ್ಮಾಸದಲ್ಲಿ ಮಾಗಡಿ ಕಡೆ ತಲೆ ಹಾಕದಿರುವುದರಿಂದ. ಐದನೆಯದು ಅಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಸೊಗಡವರೆ ಚೀಲಕ್ಕೆ ಬಿದ್ದದ್ದೇ ತಡ, ಕೈ ತಾನಾಗಿ ಸಬ್ಬಸಿಗೆ ಕಟ್ಟಿನತ್ತ ಚಾಚುತ್ತದೆ. ಚಾಚದಿದ್ದರೆ ಮನೆಯಲ್ಲಿ ‘ಅವರೆಕಾಯ್ ತಂದ್ಬುಟ್ಟು ಸಬ್ಸಿಗೆ ಮರ್ತ್ ಬಂದ್ರಾ?’ ಎಂಬ ಪ್ರತಿಕ್ರಿಯೆ ಹುಟ್ಟುತ್ತದೆ. ಅದು ಕ್ರಿಯೆಗೆ ಸಮವೆಂದ ನ್ಯೂಟನ್ ಮದುವೆಯಾಗಿರಲಿಲ್ಲ.

ಪೂರ್ವಸೂರಿಗಳು ನಮಗೆ ಹೆಚ್ಚೇನೂ ಉಳಿಸಿಲ್ಲ. 1753ರಲ್ಲಿ ಲಿನೇಯಸ್ ಸಬ್ಬಸಿಗೆ ಗಿಡಕ್ಕೆ ಅನೆಥಮ್ ಗ್ರೇವಿಯೋಲೆನ್ಸ್ ಎಂದು ನಾಮಕರಣ ಮಾಡಿದ. ಉಪ್ಸಾರಿನ ಉಲ್ಲೇಖವೇ ಇಲ್ಲ. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಸಬ್ಬಸಿಗೆ ಎಣ್ಣೆಗೆ ಸೋಡಾ, ಸಕ್ಕರೆ, ಸಾಲದ್ದಕ್ಕೆ ಮದ್ಯಸಾರವನ್ನೂ ಬೆರೆಸಿ ಗ್ರೈಪ್ ವಾಟರ್ ಮಾಡಿದ. ಅಳು ನಿಂತದ್ದು ಯಾವುದರಿಂದ ಎಂದು ಮಗುವನ್ನು ಯಾರೂ ಕೇಳಲಿಲ್ಲ. ನಮ್ಮಲ್ಲಿ ಸೊಪ್ಪು ಬೀಳುವುದು ಬಾಣಂತಿಯ ತಟ್ಟೆಗೆ, ಹಾಲು ಹೆಚ್ಚಲೆಂದು. ವುಡ್‌ವರ್ಡ್ ತಾಯಿಯನ್ನು ದಾಟಿ ನೇರ ಮಗುವಿನ ಬಾಯಿಗೇ ಸುರಿದ. ಇವೆರಡನ್ನೂ ಒಪ್ಪದ ಚನ್ನಪಟ್ಟಣ ಪಂಥವೊಂದಿದೆ: ಆಲೆ ಮರದ ಗಿಲಕಿ, ಮೇಲೆ ಅರಗಿನ ಬಣ್ಣ. ದಿನಕ್ಕೆಷ್ಟು ಸಲ ಆಡಿಸಬೇಕೆಂಬ ಚೀಟಿ ಇರುವುದಿಲ್ಲ.

ವಾಸನೆಯ ಪ್ರಶ್ನೆ ಜಟಿಲ. ಬೀಜದ ಎಣ್ಣೆಯಲ್ಲಿರುವ ಕಾರ್ವೋನ್ ಪುದೀನ ಜಾತಿಯ ಸ್ಪಿಯರ್‌ಮಿಂಟ್‌ನಲ್ಲೂ ಇದೆ. ಆದರೆ ಒಂದರ ಅಣು ಇನ್ನೊಂದರದ್ದರ ಕನ್ನಡಿಬಿಂಬ, ಎಡಗೈ ಬಲಗೈ ಇದ್ದಂತೆ. ಮೂಗು ಮಾತ್ರ ಮೋಸಹೋಗುವುದಿಲ್ಲ. ಕನಕಪುರದಿಂದ ಬೆಂಗಳೂರಿಗೆ ಬರುವ ಬಸ್ಸಿನಲ್ಲಿ, ಬೇರಿನ ಕೆಮ್ಮಣ್ಣು ಇನ್ನೂ ಒದ್ದೆಯಿರುವ ಸೊಪ್ಪಿನ ಮೂಟೆ ಹಿಂಬಾಗಿಲ ಬಳಿ ಇಳಿದರೆ ಡ್ರೈವರ್ ತಿರುಗಿ ನೋಡದೆಯೇ ‘ಲಗೇಜ್ ಚಾರ್ಜ್ ತಕೊಂಡ್ಯೇನಪ್ಪಾ?’ ಎನ್ನುತ್ತಾನೆ.

ಇನ್ನು ಕೃಷಿ. ಸಬ್ಬಸಿಗೆಯ ಹಳದಿ ಕೊಡೆಹೂವಿಗೆ ಗುಲಗಂಜಿ ಹುಳುಗಳು ಬರುತ್ತವೆ. ಅವು ಸಸ್ಯಹೇನು ತಿನ್ನುತ್ತವೆ. ಹೇನಿಗೆ ಅವರೆಯೆಂದರೆ ಪ್ರಾಣ. ಅಂದರೆ ಈ ಸ್ನೇಹ ಪಾತ್ರೆಗಿಂತ ಮುಂಚೆ ಹೊಲದಲ್ಲೇ ಕುದುರಬಲ್ಲದು! ದುರದೃಷ್ಟವಶಾತ್, ರಾಮನಗರ ಸೀಮೆಯಲ್ಲಿ ಬಿತ್ತಿದ ಒಂದೂವರೆ ತಿಂಗಳೊಳಗೆ, ಹೂ ಬಿಡುವ ಮೊದಲೇ, ಬೇರುಸಮೇತ ಕಿತ್ತು ಸಾರಿಗೆ ಹಾಕುವುದರಿಂದ ಸಿದ್ಧಾಂತ ಸಾಬೀತಾಗುವ ಮುನ್ನವೇ ಜೀರ್ಣವಾಗುತ್ತಿದೆ.

ಸಂಶೋಧನೆ ಮುಂದುವರಿಯಲು ಬೇಕಾದ ಅನುದಾನ: ಮಾಗಡಿ ಅವರೆ ಎರಡು ಸೇರು, ಸಬ್ಬಸಿಗೆ ನಾಲ್ಕು ಕಟ್ಟು, ಬಿಸಿ ಮುದ್ದೆ, ಕಾಳು ಹಿದುಕಲು ಇಬ್ಬರು ಸಹಾಯಕರು. ಉಣ್ಣುವ ಹುದ್ದೆಗಳು ಈಗಾಗಲೇ ಭರ್ತಿಯಾಗಿವೆ.