ಎಡಗಡೆ 47 ಕಿಲೋ ಓಮ್

ಕುಡಚಿಯಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಾತ್ರಿಯಿಡೀ ಕಛೇರಿ. ಉಗಾರದ ಕಾರ್ಖಾನೆ ಕಡೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆಯುತ್ತ ಹಾಡು ಹೇಳಿಕೊಂಡೇ ಹೋಗುತ್ತವೆ. ಮುಂದಿನದರಲ್ಲಿ ಮರಾಠಿ ಲಾವಣಿ, ಹಿಂದಿನದರಲ್ಲಿ ನಮ್ಮ ಜಾನಪದ, ಎರಡೂ ಒಂದೇ ಏಟಿಗೆ. ನಡುವೆ ಕೃಷ್ಣೆಯ ಸೇತುವೆ ದಾಟಿ ಬರುವ ಮಿರಜ ಗಾಡಿಯ ಸೀಟಿ. ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ ಬಂತೆಂದರೆ ಡೊಳ್ಳು ಬೇರೆ. ಇಂಥ ಊರಿನಲ್ಲಿ ಕೂತು, ತನ್ನ ಸಿ.ಡಿ. ಪ್ಲೇಯರಿನ ಒಳಗೆ ಗದ್ದಲ ಜಾಸ್ತಿಯಾಗಿದೆ ಎಂದು ತಲೆ ಕೆಡಿಸಿಕೊಂಡ ಏಕೈಕ ಗಂಡಸು ನಾನು.

ಪ್ಲೇಯರು ಸೋದರಮಾವ ದುಬೈಯಿಂದ ತಂದದ್ದು. ಅದು ಹಾಡುತ್ತಿತ್ತು, ಚೆನ್ನಾಗಿಯೇ ಹಾಡುತ್ತಿತ್ತು. ತೊಂದರೆ ಶುರುವಾದದ್ದು ಮಿರಜದಲ್ಲಿ. ಅಲ್ಲಿಯ ಸತಾರಮೇಕರ ಗಲ್ಲಿಯಲ್ಲಿ ತಂಬೂರಿ ಮಾಡುವವರೊಬ್ಬರು ಜವಾರಿ ತೆಗೆಯುವುದನ್ನು ನೋಡುತ್ತ ನಿಂತಿದ್ದೆ. ಕುದುರೆಯ ಮೇಲ್ಮೈಯನ್ನು ಕಾನಸಿನಿಂದ ಒಂದಿಷ್ಟು ಉಜ್ಜಿದರು, ತಂತಿಯ ಕೆಳಗೆ ನೂಲಿನ ಎಳೆ ತೂರಿಸಿದರು, ಅದನ್ನು ಕೂದಲೆಳೆಯಷ್ಟು ಸರಿಸಿದರು. ಅಲ್ಲಿಯವರೆಗೆ ಟಣ್ ಎನ್ನುತ್ತಿದ್ದ ತಂತಿ ಗುಂಯ್ ಎಂದು ತುಂಬಿಕೊಂಡಿತು. ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿ.ಐ. ಮಾನ್ಯತೆ ಸಿಕ್ಕದ್ದು ಸುಮ್ಮನೆ ಅಲ್ಲ. ಆದರೆ ನಾನು ಮನೆಗೆ ಒಯ್ದ ಪಾಠ ಬೇರೆಯೇ ಇತ್ತು. ಒಂದು ನೂಲಿನೆಳೆಯಿಂದ ಇಷ್ಟಾಗುವುದಾದರೆ ಒಳ್ಳೆಯ ರೆಸಿಸ್ಟರಿನಿಂದ ಎಷ್ಟಾಗಬೇಡ!

ರೆಸಿಸ್ಟರಿನ ಲೋಕದಲ್ಲೂ ಜಾತಿಗಳಿವೆ. ತಳದಲ್ಲಿ ಕಾರ್ಬನ್ ಫಿಲ್ಮು, ಅದರ ಮೇಲೆ ಮೆಟಲ್ ಫಿಲ್ಮು, ಶಿಖರದಲ್ಲಿ ಫಾಯಿಲ್ ರೆಸಿಸ್ಟರು. ಈ ಕೊನೆಯದು ಒಂದಕ್ಕೇ ಸಾವಿರ ರೂಪಾಯಿ ದಾಟುತ್ತದೆ. ಬಿಸಿ ಏರಲಿ ಇಳಿಯಲಿ, ಅದರ ಬೆಲೆಯಲ್ಲಿ ವ್ಯತ್ಯಾಸವಾಗುವುದಿಲ್ಲವಂತೆ. (ಓಮ್ ಬೆಲೆಯ ಮಾತು. ರೂಪಾಯಿ ಬೆಲೆ ಬೇಕಾದಷ್ಟು ಏರುತ್ತದೆ.) ನನ್ನ ಪಗಾರಕ್ಕೆ ಮೆಟಲ್ ಫಿಲ್ಮೇ ಗತಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ನೀಲಿ ಮೈಯ ಒಂದು ಪರ್ಸೆಂಟಿನ ರೆಸಿಸ್ಟರುಗಳನ್ನು ಚೀಲದ ಲೆಕ್ಕದಲ್ಲಿ ತರಿಸಿದೆ. ಜೊತೆಗೆ ಹೊಸ ಆಪ್-ಆಂಪ್, ಹೊಸ ಕೆಪಾಸಿಟರು, ಒಂದು ಬೆಸುಗೆ ಕಡ್ಡಿ. ಮಲ್ಟಿಮೀಟರು ತರಿಸಲಿಲ್ಲ. ಬಣ್ಣದ ಪಟ್ಟಿ ನೋಡಿ ಬೆಲೆ ಹೇಳಲು ಬರುವವನಿಗೆ ಮೀಟರು ಯಾಕೆ?

ಹಳದಿ, ನೇರಳೆ, ಕಪ್ಪು, ಕಂದು ಇದ್ದರೆ 4.7 ಕಿಲೋ ಓಮ್. ನಾಲ್ಕನೆಯ ಪಟ್ಟಿ ಕಂದಿನ ಬದಲು ಕೆಂಪಾಗಿದ್ದರೆ 47 ಕಿಲೋ ಓಮ್. ನೀಲಿ ಮೈ ಮೇಲೆ ಕಂದು ಯಾವುದು ಕೆಂಪು ಯಾವುದು ಎಂದು ಹೇಳುವುದು ಹಾಡಹಗಲಲ್ಲೇ ಕಷ್ಟ. ನಾನು ಕೂತದ್ದು ರಾತ್ರಿ. ಹೊಲದ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಬಿಟ್ಟಿದ್ದರು, ನಮ್ಮ ಮನೆಯ ಬಲ್ಬು ನಿಗಿನಿಗಿ ಕೆಂಡವಾಗಿತ್ತು. ಆ ಬೆಳಕಿನಲ್ಲಿ ನನಗೆ ಪ್ರಪಂಚದ ಎಲ್ಲ ಪಟ್ಟಿಗಳೂ ಕಂದು.

ಹಳೆಯ ರೆಸಿಸ್ಟರುಗಳು ಸುಮ್ಮನೆ ಬರಲಿಲ್ಲ. ಬೆಸುಗೆಯ ಸೀಸ 183 ಡಿಗ್ರಿಗೇ ಸಡಿಲಾಗುತ್ತದೆ, ನನ್ನ ತಾಳ್ಮೆ ಅದಕ್ಕೂ ಮೊದಲು. ಎಳೆದ ರಭಸಕ್ಕೆ ರೆಸಿಸ್ಟರಿನ ಜೊತೆ ಬೋರ್ಡಿನ ತಾಮ್ರದ ಪಟ್ಟಿಯೂ ಎದ್ದು ಬಂತು. ಅಲ್ಲಿಗೆ ವಯರಿನ ತುಂಡು ಹಚ್ಚಿದೆ. ಅದನ್ನೂ ಅಪ್‌ಗ್ರೇಡ್ ಎಂದೇ ಬರೆದುಕೊಂಡೆ.

ಬೆಳಗ್ಗೆ ಉದ್ಘಾಟನೆಗೆ ಅಬ್ದುಲ್ ಕರೀಂ ಖಾನರನ್ನೇ ಆರಿಸಿದೆ. ಮಿರಜದಲ್ಲೇ ನೆಲೆಸಿ, ಅಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲೇ ಮಲಗಿರುವವರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು. ಅವರದು ತೆಳುವಾದ, ರೇಷ್ಮೆಯಂಥ ದನಿ. ಬಲಗಡೆಯ ಸ್ಪೀಕರಿನಲ್ಲಿ ಆ ದನಿಯೇ ಬಂತು. ಎಡಗಡೆ ಮಾತ್ರ ಯಾರೋ ಹರಾಜು ಕೂಗುತ್ತಿದ್ದರು. ದನಿಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ಆಪ್-ಆಂಪಿಗೆ ಹೇಳುವ ರೆಸಿಸ್ಟರಿನ ಜಾಗದಲ್ಲೇ ನನ್ನ 47 ಕಿಲೋ ಓಮ್ ಹೋಗಿ ಕೂತಿತ್ತು. ಹತ್ತುಪಟ್ಟು ಹಿಗ್ಗಿಸಲು ಹೋಗಿ, ವೋಲ್ಟೇಜು ಸಾಲದೆ, ಪಾಪ ಅದು ಪ್ರತಿ ಸ್ವರದ ತಲೆಯನ್ನೂ ಬುಡವನ್ನೂ ಕತ್ತರಿಸಿ ಒಗೆಯುತ್ತಿತ್ತು.

"ಖಾನಸಾಹೇಬ್ರು ಎಡಗಡೆ ಕುಂತು ಯಾಕ ಹಿಂಗ ಒದರಾಕತ್ತಾರ್ರೀ?" ಎಂದು ಒಳಗಿನಿಂದ ಹೆಂಡತಿ ಕೇಳಿದಳು.

ಹೊಸ ಸೌಂಡ್‌ಸ್ಟೇಜು ಎಂದೆ. ಅಷ್ಟರಲ್ಲಿ ತಿರುಗುಮುರುಗಾಗಿ ಹಾಕಿದ್ದ ಕೆಪಾಸಿಟರೊಂದು ಟಪ್ ಎಂದು ಬಾಯಿ ಬಿಟ್ಟಿತು. ಆಮೇಲೆ ಬಲಗಡೆಯೂ ಮೌನ.

ಪೇಟೆಯಲ್ಲಿ ರೇಡಿಯೋ ಕಾಲದಿಂದ ರಿಪೇರಿ ಮಾಡುತ್ತ ಬಂದ ಹಿರಿಯರೊಬ್ಬರಿದ್ದಾರೆ. ಡಬ್ಬಿ ಬಿಚ್ಚಿ ಬಹಳ ಹೊತ್ತು ನೋಡಿ, ಕನ್ನಡಕ ಏರಿಸಿ ಕೇಳಿದರು: "ರೆಸಿಸ್ಟರ್ ಕೆಟ್ಟಿದ್ದಿಲ್ಲಲ್ಲರೀ. ಮತ್ತ್ಯಾಕ ಕಿತ್ತಿದ್ರಿ?" ಈ ಪ್ರಶ್ನೆಗೆ ಹೈ-ಫೈ ಪಂಡಿತರ ಬಳಿ ಪುಟಗಟ್ಟಲೆ ಉತ್ತರವಿದೆ. ನನ್ನ ಬಳಿ ಚೀಲ ಇತ್ತು.

ಮನೆಗೆ ಬಂದು ಲೈಟು ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಮೊದಲೇ ಹಾಕಬಹುದಿತ್ತು, ಆದರೆ ಆಗ ಬಿಲ್ಲು ಇನ್ನೂ ಬಂದಿರಲಿಲ್ಲ. ಯಾವ ರೆಸಿಸ್ಟರೇ ಆಗಲಿ, ಬರೀ ತನ್ನ ಕಾವಿನಿಂದಲೇ ಒಂದಿಷ್ಟು ಗದ್ದಲ ಮಾಡುತ್ತದೆ. ಬೆಲ್ ಲ್ಯಾಬ್ಸಿನ ಜಾನ್ಸನ್ ಇದನ್ನು ಅಳೆದು 1928ರಲ್ಲೇ ಪ್ರಕಟಿಸಿದ. ಈ ಗದ್ದಲಕ್ಕೆ ಓಮ್ ಎಷ್ಟು, ಬಿಸಿ ಎಷ್ಟು ಎಂಬುದಷ್ಟೇ ಮುಖ್ಯ. ಒಂದು ರೂಪಾಯಿಯ ರೆಸಿಸ್ಟರಿಗೂ ಸಾವಿರ ರೂಪಾಯಿಯದಕ್ಕೂ ಒಂದೇ ಕಾನೂನು. 4.7 ಕಿಲೋ ಓಮಿಗೆ, ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ, ಅದು ಮೈಕ್ರೋವೋಲ್ಟ್ ಒಂದಕ್ಕಿಂತ ತುಸು ಹೆಚ್ಚು. ಎರಡು ವೋಲ್ಟ್ ಕೊಡುವ 16 ಬಿಟ್ಟಿನ ಸಿ.ಡಿ. ಪ್ಲೇಯರಿನಲ್ಲಿ ಅತಿ ಸಣ್ಣ ಮೆಟ್ಟಿಲೇ ಸುಮಾರು 86 ಮೈಕ್ರೋವೋಲ್ಟ್. ಅಂದರೆ ನಾನು ಬಡಿಗೆ ಹಿಡಿದು ಬೆನ್ನಟ್ಟಿದ್ದು ಆ ಮೆಟ್ಟಿಲಿನ ಮೇಲಿನ ಧೂಳನ್ನು. ಇನ್ನು ನಾನು ಹಾಕಿದ್ದ ಸಿ.ಡಿ.? ಖಾನಸಾಹೇಬರು ತೀರಿಕೊಂಡದ್ದು 1937ರಲ್ಲಿ. ಅವರ ಸಿ.ಡಿ.ಯೆಂದರೆ ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಇಳಿಸಿದ್ದೇ. ಮುಳ್ಳಿನ ಚರಚರ ಸದ್ದು ಅದರಲ್ಲಿ ಆಲಾಪಕ್ಕಿಂತ ಮೊದಲೇ ಶುರುವಾಗುತ್ತದೆ.

ಹಿರಿಯರು ಹಳೆಯ ರೆಸಿಸ್ಟರುಗಳನ್ನೇ ವಾಪಸು ಹಚ್ಚಿದರು. ಸಪ್ಲೈ ಭಾಗದ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳನ್ನು ಮಾತ್ರ ಹೊಸದು ಹಾಕಿದರು. ಅವುಗಳ ಒಳಗಿನ ದ್ರವ ವರ್ಷಗಳಲ್ಲಿ ಒಣಗುತ್ತದೆ, ಹತ್ತು ಡಿಗ್ರಿ ಬಿಸಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ. ಬದಲಿಸಿದ ಮೇಲೆ ಪ್ಲೇಯರಿನ ಹಿನ್ನೆಲೆಯ ಸಣ್ಣ ಗುಂಯ್‌ಗುಟ್ಟುವಿಕೆ ನಿಜಕ್ಕೂ ನಿಂತಿತು. ಅದು ಹೆಂಡತಿಗೂ ತಿಳಿಯಿತು, ಹಾಗಾಗಿ ನಂಬಬಹುದು.

ನಿಮ್ಮ ಮನೆಯಲ್ಲೂ ಹಳೆಯ ಪ್ಲೇಯರಿದ್ದರೆ ಬದಲಿಸಬೇಕಾದ್ದು ಈ ಕೆಪಾಸಿಟರುಗಳನ್ನೇ. ಮೈನಸ್ ಪಟ್ಟಿ ಯಾವ ಕಡೆ ಇದೆ ಎಂದು ಹಗಲು ಹೊತ್ತಿನಲ್ಲಿ ನೋಡಿಕೊಳ್ಳಿ. ನೀಲಿ ರೆಸಿಸ್ಟರುಗಳ ಚೀಲ ಇನ್ನೂ ನನ್ನ ಹತ್ತಿರವೇ ಇದೆ, ಡಿಪ್ಲೊಮಾ ಓದುವ ಹುಡುಗರು ಯಾರಾದರೂ ಬಂದು ಪುಕ್ಕಟೆ ಒಯ್ಯಬಹುದು. ಮೀಟರು ಮಾತ್ರ ನೀವೇ ತರಬೇಕು.