ಹುಳುಕಡ್ಡಿಯವರಿಗೆ ಪೌರಸನ್ಮಾನ

ವೇದಿಕೆಯ ಮೇಲಿನ ಗಣ್ಯರೇ, ವೇದಿಕೆಯ ಕೆಳಗೆ ಕೂತು ಯಾರೂ ನೋಡದ ಹಾಗೆ ಕೆರೆದುಕೊಳ್ಳುತ್ತಿರುವ ಬಂಧುಗಳೇ, ಮಾಧ್ಯಮ ಮಿತ್ರರೇ,

ಅಭಿನಂದನಾ ಸಮಿತಿಯ ಕಾರ್ಯದರ್ಶಿಯಾದ ನನಗೆ ಪ್ರಾಸ್ತಾವಿಕವಾಗಿ ಎರಡು ಮಾತಾಡಿ ಎಂದಿದ್ದಾರೆ. ನಮ್ಮಲ್ಲಿ ಎರಡು ಮಾತು ಎಂದರೆ ಮುಕ್ಕಾಲು ಗಂಟೆ ಎಂದು ತಿಳಿದೇ ತಾವು ಬಂದಿದ್ದೀರಿ. ಕೆರೆ ನುಂಗಿದವರಿಗೆ, ಗೋಮಾಳ ನುಂಗಿದವರಿಗೆ, ಡಾಕ್ಟರೇಟ್ ಕೊಂಡವರಿಗೆಲ್ಲ ಮೈಸೂರು ಪೇಟ ತೊಡಿಸಿರುವ ನಾವು, ನಮ್ಮದೇ ಮೈಮೇಲೆ ಹುಟ್ಟಿ, ನಮ್ಮದೇ ಬೆವರಿನಲ್ಲಿ ಬೆಳೆದು ಲೋಕಪ್ರಸಿದ್ಧರಾದ ಒಬ್ಬರಿಗೆ ಈವರೆಗೆ ಒಂದು ಶಾಲು ಹೊದಿಸಿಲ್ಲ. ಆ ಪಾಪ ಇವತ್ತು ಕಳೆಯಲಿದೆ. ಇಂದಿನ ಸನ್ಮಾನಿತರು ಶ್ರೀಯುತ ಹುಳುಕಡ್ಡಿಯವರು. ಚಪ್ಪಾಳೆ ತಟ್ಟಲು ಎರಡೂ ಕೈ ಬಿಡುವಿಲ್ಲದವರು ಒಂದು ಕೈ ಎತ್ತಿದರೂ ಸಾಕು.

ಸನ್ಮಾನಿತರ ಕಿರುಪರಿಚಯ. ಹೆಸರಿನಲ್ಲಿ ಹುಳುವಿದ್ದರೂ ಅವರು ಶಿಲೀಂಧ್ರ ಕುಲದವರು. ಚರ್ಮದ ಹೊರಪದರದ ಕೆರಾಟಿನ್ ತಿಂದು ಬದುಕುವ ಸರಳಜೀವಿ. ತೊಡೆಸಂದಿ, ಕಂಕುಳು, ಸೊಂಟ, ಹೀಗೆ ಗಾಳಿ ಬೆಳಕು ಕಾಣದ ಜಾಗದಲ್ಲೇ ಕಷ್ಟಪಟ್ಟು ಸಂಸಾರ ಕಟ್ಟಿದವರು. ಬಾಲ್ಯವೇನೂ ಸುಖದ್ದಲ್ಲ. ಟರ್ಬಿನಾಫಿನ್ ಎಂಬ ಮುಲಾಮನ್ನು ಯಾರಾದರೂ ಕೆಲವು ವಾರ ಶ್ರದ್ಧೆಯಿಂದ ಹಚ್ಚಿದರೆ ಮನೆತನವೇ ನಿರ್ವಂಶ. ಅಲ್ಲಿಂದ ಹತ್ತು ಹನ್ನೆರಡು ವರ್ಷಗಳಲ್ಲಿ ಅವರು ಏರಿದ ಎತ್ತರ ನೋಡಿ. ಅದೇ ಟರ್ಬಿನಾಫಿನ್ ಈಗ ಎಷ್ಟೋ ಕಡೆ ಅವರ ಕೂದಲನ್ನೂ ಕೊಂಕಿಸದು. ಔಷಧಿ ಹಿಡಿದುಕೊಳ್ಳಬೇಕಾದ ಕಿಣ್ವದ ರೂಪವನ್ನೇ ಜೀನಿನ ಒಂದು ಸಣ್ಣ ತಿದ್ದುಪಡಿಯಿಂದ ಬದಲಿಸಿಕೊಂಡಿದ್ದಾರೆ. ಸಂವಿಧಾನದ ತಿದ್ದುಪಡಿಗೆ ಮೂರನೇ ಎರಡರಷ್ಟು ಬಹುಮತ ಬೇಕು. ಇವರಿಗೆ ಒಂದಕ್ಷರ ಬದಲಾದದ್ದೇ ಸಾಕಾಯಿತು.

2020ರಲ್ಲಿ ಜಪಾನಿನ ಸಂಶೋಧಕರು ಔಷಧಿಗೆ ಬಗ್ಗದ ಇವರ ಈ ಅವತಾರವನ್ನು ಬೇರೆಯೇ ಪ್ರಭೇದವೆಂದು ಗುರುತಿಸಿ, ‘ಟ್ರೈಕೋಫೈಟಾನ್ ಇಂಡೋಟಿನಿಯೇ’ ಎಂದು ನಮ್ಮ ದೇಶದ ಹೆಸರನ್ನೇ ಇಟ್ಟು ನಾಮಕರಣ ಮಾಡಿದರು. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಇವರು ಪ್ರತ್ಯಕ್ಷರಾದ ವರದಿ ಪ್ರಕಟಿಸಿತು. ಒಬ್ಬಾಕೆ ಬಾಂಗ್ಲಾದೇಶಕ್ಕೆ ಹೋಗಿಬಂದವರು. ಇನ್ನೊಬ್ಬಾಕೆ ಇತ್ತೀಚೆಗೆ ದೇಶ ಬಿಟ್ಟು ಕದಲಿದವರೇ ಅಲ್ಲ. ನಮ್ಮ ಬೆಂಗಳೂರಿನ ಹುಡುಗರು ಎಚ್-1ಬಿ ವೀಸಾಕ್ಕೆ ಹರಕೆ ಹೊತ್ತು ಕೂತಿರುವಾಗ, ಇವರು ಸಂದರ್ಶನವಿಲ್ಲದೆ, ಲಾಟರಿಯಿಲ್ಲದೆ ಅಲ್ಲಿ ಮನೆ ಮಾಡಿಯಾಯಿತು.

ಇಂಥ ಸಾಧನೆ ಒಬ್ಬರಿಂದ ಆಗುವಂಥದ್ದಲ್ಲ. ಬೆನ್ನ ಹಿಂದೆ ನಿಂತವರನ್ನು ನೆನೆಯದಿದ್ದರೆ ಕೃತಘ್ನತೆಯಾದೀತು.

ಮೊದಲ ವಂದನೆ ನಮ್ಮ ಬೀದಿಯ ಮೆಡಿಕಲ್ ಶಾಪಿಗೆ. ಅಲ್ಲಿ ದಿನವೂ ನಡೆಯುವ ಸಂಭಾಷಣೆ ತಮಗೆ ಬಾಯಿಪಾಠ.

“ಅಣ್ಣಾ, ಸೊಂಟದ ಹತ್ರ ಒಂದೇ ಸಮ ನವೆ.”

“ದುಂಡಗಿದೆಯಾ?”

“ಹೂಂ, ಬಳೆ ಥರ.”

“ಇದು ಹಚ್ಚಿ. ಮೂರೇ ದಿನ.”

ಎಷ್ಟು ಚಿಕ್ಕದು, ಎಷ್ಟು ಚೊಕ್ಕ! ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಮಾಡಿಸುವ ಸಾಲೇ ಇದಕ್ಕಿಂತ ಉದ್ದ. ಆ ಟ್ಯೂಬಿನಲ್ಲಿ ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು ಔಷಧಿ, ಜತೆಗೆ ಕ್ಲೋಬೆಟಸಾಲ್ ಎಂಬ ಸ್ಟೆರಾಯ್ಡ್. ಹಚ್ಚುವ ಸ್ಟೆರಾಯ್ಡುಗಳಲ್ಲೇ ಅತ್ಯಂತ ಪ್ರಬಲವಾದದ್ದು ಅದು. ಅದು ಶಿಲೀಂಧ್ರದ ತಂಟೆಗೆ ಹೋಗುವುದಿಲ್ಲ. ಶಿಲೀಂಧ್ರದ ವಿರುದ್ಧ ಎದ್ದುನಿಂತ ನಮ್ಮ ಚರ್ಮದ ಕಾವಲನ್ನು ಮಲಗಿಸುತ್ತದೆ. ಊರಿನ ಪೊಲೀಸರನ್ನೆಲ್ಲ ರಜೆ ಕೊಟ್ಟು ಮನೆಗೆ ಕಳಿಸಿದರೆ ಠಾಣೆಯಲ್ಲಿ ಒಂದೂ ದೂರು ದಾಖಲಾಗುವುದಿಲ್ಲವಷ್ಟೆ. ಕೆಂಪು ಮಾಯ, ನವೆ ಮಾಯ. ಮೂರನೇ ದಿನ ಗಿರಾಕಿ ಅಂಗಡಿಯವನಿಗೆ ಮನಸ್ಸಿನಲ್ಲೇ ಎಂ.ಡಿ. ಪದವಿ ಕೊಟ್ಟುಬಿಡುತ್ತಾನೆ. ಹದಿನೈದನೇ ದಿನ ಸೊಂಟದಲ್ಲಿದ್ದ ಬಳೆ ಬೆನ್ನಿಗೆ ಏರಿರುತ್ತದೆ, ತೊಡೆಗೆ ಇಳಿದಿರುತ್ತದೆ, ಅಂಚು ಅಳಿಸಿ ಆಕಾರ ಕಳೆದುಕೊಂಡಿರುತ್ತದೆ. ಇಂಥ ಮಾರುವೇಷಕ್ಕೆ ವೈದ್ಯಪುಸ್ತಕದಲ್ಲಿ ‘ಟೀನಿಯಾ ಇನ್‌ಕಾಗ್ನಿಟೊ’ ಎಂಬ ಬಿರುದೇ ಇದೆ. ಅದನ್ನೂ ಸನ್ಮಾನಪತ್ರದಲ್ಲಿ ಸೇರಿಸಿದ್ದೇವೆ.

ಈ ಸೇವೆಗೆ ಸರ್ಕಾರ ಅಡ್ಡಿಪಡಿಸಲು ನೋಡಿದ್ದುಂಟು. 2018ರಲ್ಲಿ 14 ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದಿತು. ಅದೇ ವರ್ಷ 328 ಮಿಶ್ರ ಔಷಧಿಗಳನ್ನು ನಿಷೇಧಿಸಿದಾಗ ಇಂಥ ಕೆಲವು ಮಿಶ್ರಣಗಳೂ ಸಿಕ್ಕಿಬಿದ್ದವು. ಚರ್ಮತಜ್ಞರ ರಾಷ್ಟ್ರೀಯ ಸಂಘವಂತೂ ಸ್ಟೆರಾಯ್ಡ್ ದುರ್ಬಳಕೆಯ ವಿರುದ್ಧ ಒಂದು ಕಾರ್ಯಪಡೆಯನ್ನೇ ಕಟ್ಟಿ ವರ್ಷಗಟ್ಟಲೆ ಗಂಟಲು ಹರಿದುಕೊಂಡಿತು. ನಮ್ಮ ಅಂಗಡಿಯವರು ಕಾನೂನನ್ನು ಗೌರವಿಸುವವರು. ಅದನ್ನು ಚೌಕಟ್ಟು ಹಾಕಿಸಿ, ಗಣಪತಿ ಫೋಟೊದ ಪಕ್ಕದಲ್ಲಿ ನೇತುಹಾಕಿ, ಕೆಳಗಿನ ಗಾಜಿನ ಕಪಾಟಿನಿಂದ ಟ್ಯೂಬು ತೆಗೆದು ಕೊಡುತ್ತಾರೆ.

ಎರಡನೆಯ ವಂದನೆ ಅವಿಭಕ್ತ ಕುಟುಂಬಕ್ಕೆ. ಅಡುಗೆಮನೆ ಬೇರೆಯಾಗಿರಬಹುದು, ಪಾಲುಪಟ್ಟಿ ಆಗಿರಬಹುದು, ಆದರೆ ಬಚ್ಚಲುಮನೆಯ ಒಂದೇ ಟವೆಲ್ಲಿನಲ್ಲಿ ಇನ್ನೂ ಒಗ್ಗಟ್ಟು ಉಳಿದಿದೆ. ಮನೆಯವರೆಲ್ಲ ಒಟ್ಟಿಗೆ ಚಿಕಿತ್ಸೆ ತೆಗೆದುಕೊಳ್ಳಬೇಕು, ಬಟ್ಟೆ ಬೇರೆ ಬೇರೆ ಒಗೆದು ಬಿಸಿಲಿಗೆ ಒಣಹಾಕಬೇಕು, ಉಡಿದಾರ ಬಿಚ್ಚಿಡಬೇಕು ಎಂದು ಡಾಕ್ಟರು ಹೇಳುತ್ತಾರೆ. ಉಡಿದಾರ ಬಿಚ್ಚಿದರೆ ದೃಷ್ಟಿ ತಾಗುತ್ತದೆ ಎಂದು ಅಜ್ಜಿ ಹೇಳುತ್ತಾರೆ. ತೀರ್ಪು ಯಾವ ಕಡೆ ಎಂದು ಹೇಳಬೇಕಿಲ್ಲ. ಇನ್ನು ಜಾಗ ತೋರಿಸಲು ಡಾಕ್ಟರ ಮುಂದೆ ಬರುವ ನಾಚಿಕೆ. ಅತ್ತಿಗೆಯ ತಮ್ಮನಿಗೆ ವಾಸಿಯಾದ ಟ್ಯೂಬಿನ ಫೋಟೊವನ್ನು ವಾಟ್ಸ್ಆ್ಯಪಿನಲ್ಲಿ ತರಿಸಿಕೊಳ್ಳುವುದಕ್ಕೆ ಮಾತ್ರ ಯಾವ ನಾಚಿಕೆಯೂ ಇಲ್ಲ.

ಸಭೆಯ ಅಧ್ಯಕ್ಷತೆ ವಹಿಸಿರುವವರು ಶ್ರೀಮತಿ ಬಂಗು ಅವರು. ಹೆಂಗಸರ ಕೆನ್ನೆಯ ಮೇಲೆ ಕಂದು ನೆರಳಾಗಿ ಕೂರುವ ಇವರಿಗೆ 1975 ಮರೆಯಲಾಗದ ವರ್ಷ. ಆ ವರ್ಷ ನಮ್ಮಲ್ಲಿ ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗಿಳಿಯಿತು. ಅದೇ ವರ್ಷ ಫಿಲಡೆಲ್ಫಿಯಾದ ಚರ್ಮವಿಜ್ಞಾನಿ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ, ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್, ಸ್ಟೆರಾಯ್ಡ್ ಮೂರನ್ನೂ ಬೆರೆಸಿ ಚರ್ಮದ ಬಣ್ಣ ತಿಳಿಮಾಡುವ ಸೂತ್ರ ಪ್ರಕಟಿಸಿದರು. ತುರ್ತುಪರಿಸ್ಥಿತಿ ಬಂದದ್ದೂ ಅದೇ ವರ್ಷ. ಮೂರರಲ್ಲಿ ಅದೊಂದು ಮಾತ್ರ 21 ತಿಂಗಳಿಗೆ ಮುಗಿಯಿತು.

ಕ್ಲಿಗ್‌ಮನ್ ಸಾಮಾನ್ಯರಲ್ಲ. ಟ್ರೆಟಿನಾಯ್ನ್ ಮೊಡವೆಗೂ ಸುಕ್ಕಿಗೂ ಆಗುತ್ತದೆಂದು ತೋರಿಸಿದವರು. ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಕೈದಿಗಳ ಮೈಮೇಲೆ ಪ್ರಯೋಗ ನಡೆಸಿದವರೂ ಅವರೇ. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಅವರಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು. ಅಲ್ಲಿ ಪ್ರಯೋಗಕ್ಕೆ ಜೈಲು ಬೇಕಾಯಿತು, ಕೈದಿಗಳಿಗೆ ಒಂದಿಷ್ಟು ಡಾಲರನ್ನೂ ಕೊಡಬೇಕಾಯಿತು. ಇಲ್ಲಿ ಜನ ತಾವೇ ದುಡ್ಡು ತೆತ್ತು, ತಾವೇ ಹಚ್ಚಿಕೊಂಡು, ಕನ್ನಡಿಯ ಮುಂದೆ ಫಲಿತಾಂಶವನ್ನೂ ತಾವೇ ನೋಡಿಕೊಳ್ಳುತ್ತಾರೆ. ವೈದ್ಯರು ಬಂಗಿಗೆಂದು ಕೆಲವು ವಾರಕ್ಕೆ ಬರೆದುಕೊಟ್ಟ ಮೂರು ಬೆರಕೆಯ ಕ್ರೀಮು, ಮೊದಲು ಅಕ್ಕನಿಗೆ, ಅಲ್ಲಿಂದ ಪಕ್ಕದ ಮನೆಗೆ, ಅಲ್ಲಿಂದ ಮದುವೆ ಗೊತ್ತಾದ ಹುಡುಗಿಗೆ ದಾಟಿ ವರ್ಷಗಟ್ಟಲೆ ದಿನಬಳಕೆಯ ಸಾಮಾನಾಗುತ್ತದೆ. ಚರ್ಮ ಕಾಗದದಂತೆ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಮೊಡವೆ ಏಳುತ್ತದೆ, ಬೇಡದ ಕಡೆ ಕೂದಲು ಮೂಡುತ್ತದೆ, ಬಿಟ್ಟರೆ ಮುಖ ಉರಿಯುತ್ತದೆ. ಉರಿ ತಾಳಲಾರದೆ ಮತ್ತೆ ಅದೇ ಟ್ಯೂಬು. ‘ಸ್ಟೆರಾಯ್ಡಿನಿಂದ ಕೆಟ್ಟ ಮುಖ’ವೆಂಬ ಈ ಅವಸ್ಥೆಗೆ 2008ರಲ್ಲಿ ಹೆಸರಿಟ್ಟವರು ಭಾರತದ ವೈದ್ಯರೇ. ಸಂಶೋಧನೆಯಲ್ಲಿ ನಾವು ಹಿಂದುಳಿದಿದ್ದೇವೆ ಎನ್ನುವವರು ಇದನ್ನು ಗಮನಿಸಬೇಕು.

ಬಿಳುಪಿನ ವ್ಯಾಪಾರಕ್ಕೂ ಕಷ್ಟ ಬಂದದ್ದುಂಟು. 2020ರ ಫೆಬ್ರುವರಿಯಲ್ಲಿ, ಬಣ್ಣ ಬಿಳಿ ಮಾಡುತ್ತೇವೆಂಬ ಜಾಹೀರಾತಿಗೆ 5 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ವಿಧಿಸಬಹುದೆಂಬ ಮಸೂದೆಯ ಕರಡು ಬಂತು. ಅದೇ ವರ್ಷ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ವಿರುದ್ಧ ಜನ ಬೀದಿಗಿಳಿದರು. ಇಲ್ಲಿ ‘ಫೇರ್ ಅಂಡ್ ಲವ್ಲಿ’ಯ ಹೆಸರಿನಿಂದ ‘ಫೇರ್’ ಇಳಿದು ‘ಗ್ಲೋ’ ಹತ್ತಿತು. ವರ್ಣಭೇದಕ್ಕೆ ಇಷ್ಟು ಅಗ್ಗದ ಪರಿಹಾರ ಗಾಂಧೀಜಿಗೂ ಹೊಳೆದಿರಲಿಲ್ಲ.

ಗಂಡಸರನ್ನು ಕಡೆಗಣಿಸಿದೆವೆಂಬ ದೂರು ಬೇಡ. 2013ರಲ್ಲಿ ದೆಹಲಿಯ ಗ್ರಾಹಕರೊಬ್ಬರು 79 ರೂಪಾಯಿ ಕೊಟ್ಟು ‘ಫೇರ್ ಅಂಡ್ ಹ್ಯಾಂಡ್‌ಸಮ್’ ಕೊಂಡು, ಬಿಳಿಯಾಗಲಿಲ್ಲವೆಂದು ಗ್ರಾಹಕ ನ್ಯಾಯಾಲಯಕ್ಕೆ ಹೋದರು. ಇದು 16ರಿಂದ 35 ವಯಸ್ಸಿನ ಆರೋಗ್ಯವಂತ ಗಂಡಸರಿಗೆ, ಪೌಷ್ಟಿಕ ಆಹಾರ, ವ್ಯಾಯಾಮ ಎಲ್ಲ ಸರಿಯಾಗಿದ್ದರೆ ಮಾತ್ರ ಎಂಬರ್ಥದ ವಾದವನ್ನು ಇಮಾಮಿ ಕಂಪನಿ ಮುಂದಿಟ್ಟಿತು. ಡಬ್ಬಿಯ ಮೇಲೆ ಅದೆಲ್ಲ ಬರೆದಿಲ್ಲವಲ್ಲ ಎಂದ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ 14.5 ಲಕ್ಷ ರೂಪಾಯಿ ದಂಡ ಹಾಕಿತು. ನಡುವೆ ಕಳೆದದ್ದು 11 ವರ್ಷ. ಕೊಳ್ಳುವಾಗ ಇಪ್ಪತ್ತೈದು ತುಂಬಿದ್ದ ಯಾವ ಗಂಡಸೂ ತೀರ್ಪು ಬರುವ ಹೊತ್ತಿಗೆ ಕಂಪನಿ ಹೇಳಿದ ವಯೋಮಿತಿ ದಾಟುವುದು ಖಂಡಿತ. ನಮ್ಮ ದೇಶದಲ್ಲಿ ಚರ್ಮದ ಮುಪ್ಪಿಗೆ ಮುಖ್ಯ ಕಾರಣ ಸೂರ್ಯನೋ ನ್ಯಾಯಾಲಯವೋ ಎಂಬುದು ಸಂಶೋಧನೆಗೆ ಯೋಗ್ಯ ವಿಷಯ.

ಮುಪ್ಪಿನ ಮಾತು ಬಂತು. ಮುಖ್ಯ ಅತಿಥಿ ಶ್ರೀ ಸುಕ್ಕು ಅವರು ಮುಖ ಗಂಟಿಕ್ಕಿ ಕೂತಿದ್ದಾರೆ. ಅವರ ಭಾವಚಿತ್ರ 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲೇ ಅಚ್ಚಾಯಿತು. 28 ವರ್ಷ ಟ್ರಕ್ ಓಡಿಸಿದ 69 ವಯಸ್ಸಿನ ಚಾಲಕನ ಮುಖ ಅದು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಜೋತುಬಿದ್ದು ಬಲಗೆನ್ನೆಯ ಅಪ್ಪನಂತೆ ಕಾಣುತ್ತದೆ. ಕಿಟಕಿಯ ಗಾಜು ಮೈ ಕೆಂಪಾಗಿಸುವ ಕಿರಣವನ್ನು ತಡೆಯುತ್ತದೆ, ಸುಕ್ಕುಗಟ್ಟಿಸುವ ಯುವಿಎ ಕಿರಣವನ್ನು ಒಳಬಿಡುತ್ತದೆ. ಮರುವರ್ಷ ಆಸ್ಟ್ರೇಲಿಯಾದ ಪ್ರಯೋಗವೊಂದು ಹೊರಬಂತು. ನಾಲ್ಕೂವರೆ ವರ್ಷ ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಚರ್ಮದ ಮುಪ್ಪು ಶೇಕಡ 24ರಷ್ಟು ಕಡಿಮೆ. ಅಂದರೆ ನೆರಳು, ಕೊಡೆ, ಸನ್‌ಸ್ಕ್ರೀನ್, ವೈದ್ಯರು ಹೇಳಿದರೆ ಟ್ರೆಟಿನಾಯ್ನ್. ಸುಕ್ಕುಶಾಸ್ತ್ರದ ಸಾರ ಇಷ್ಟೇ.

ಇಷ್ಟನ್ನೇ ಹೇಳಿದರೆ ಕ್ಲಿನಿಕ್ಕಿನ ಬಾಡಿಗೆ ಯಾರು ಕಟ್ಟಬೇಕು? ಸ್ನಾತಕೋತ್ತರ ಪ್ರವೇಶದಲ್ಲಿ ಮೇಲಿನ ರ‍್ಯಾಂಕಿನವರು ಚರ್ಮವಿಭಾಗಕ್ಕೆ ಮುಗಿಬೀಳುತ್ತಾರೆ. ರಾತ್ರಿ ಎರಡು ಗಂಟೆಗೆ ಸುಕ್ಕಿಗಾಗಿ ಯಾರೂ ಬಾಗಿಲು ಬಡಿಯುವುದಿಲ್ಲವಲ್ಲ. ಹಾಗೆ ಓದಿದವರು ಲೇಸರ್ ಇಡುತ್ತಾರೆ, ರೋಗಿಯ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ಅವರ ಮುಖಕ್ಕೇ ಚುಚ್ಚುತ್ತಾರೆ. ಓದದವರು ಪಾರ್ಲರಿನ ಹಿಂಬದಿ ಕೋಣೆಯಲ್ಲಿ ಬಿಳುಪಿಗೆಂದು ಗ್ಲುಟಾಥಯಾನ್ ಡ್ರಿಪ್ ಏರಿಸುತ್ತಾರೆ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಬಿಳುಪಿನ ಕ್ರೀಮು ಹಚ್ಚಿದ ಕೆಲವರ ಮೂತ್ರಪಿಂಡವೇ ಕೆಟ್ಟಿತು, ಶಂಕೆ ಪಾದರಸದ ಮೇಲೆ. ಸೌಂದರ್ಯ ಒಳಗಿನಿಂದ ಬರಬೇಕು ಎನ್ನುತ್ತಾರಲ್ಲ. ಒಳಗಿನವರೆಗೆ ಹೋದದ್ದಂತೂ ನಿಜ.

ಬಾಗಿಲ ಹತ್ತಿರ ಗದ್ದಲ ಕೇಳಿಸುತ್ತಿದೆ. ಕುಷ್ಠ ಎಂಬುವರು ಒಳಗೆ ಬಿಡಿ ಎನ್ನುತ್ತಿದ್ದಾರಂತೆ. ಸ್ವಯಂಸೇವಕರೇ, ಬಿಡಬೇಡಿ. ಕುಷ್ಠ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರ ಕೊನೆಗೇ ಘೋಷಣೆಯಾಗಿದೆ. ಇಲ್ಲದವರಿಗೆ ಕುರ್ಚಿ ಹಾಕುವುದು ಹೇಗೆ? ಆಮೇಲೂ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು, ಜಗತ್ತಿನ ಅರ್ಧಕ್ಕಿಂತ ಹೆಚ್ಚು, ನಮ್ಮಲ್ಲೇ ಸಿಗುತ್ತಿದ್ದಾರಂತೆ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಆರು ತಿಂಗಳಿಗೋ ವರ್ಷಕ್ಕೋ ವಾಸಿ. ಲಾಭವಿಲ್ಲದ, ಜಾಹೀರಾತಿಲ್ಲದ, ಸೆಲ್ಫಿಗೆ ಒದಗದ ಇಂಥ ಕಾಯಿಲೆ ಸಮಾರಂಭಕ್ಕೆ ಶೋಭೆಯಲ್ಲ. ಚರ್ಮತಜ್ಞರ ಪದವಿಯ ಹೆಸರಿನಲ್ಲಿ ‘ಲೆಪ್ರಸಿ’ ಇನ್ನೂ ಇದೆ. ನಿಯಾನ್ ಬೋರ್ಡಿನಲ್ಲಿ ಜಾಗ ಸಾಲದೆ ‘ಸ್ಕಿನ್, ಹೇರ್, ಲೇಸರ್’ ಅಷ್ಟೇ ಹಿಡಿದಿದೆ.

ಇನ್ನು ವಂದನಾರ್ಪಣೆ. ಶಾಲು, ಹಾರ, ಫಲತಾಂಬೂಲ ಕೊಟ್ಟ ಮೆಡಿಕಲ್ ಶಾಪಿನವರಿಗೆ, ನೆಂಟರಿಷ್ಟರಿಗೆ, ಟಿ.ವಿ.ಯಲ್ಲಿ ಒಂದು ವಾರದಲ್ಲಿ ಬಿಳಿಯಾಗಿ ತೋರಿಸಿದ ತಾರೆಯರಿಗೆ ನಮಸ್ಕಾರಗಳು. ಸಭಿಕರಲ್ಲಿ ಒಂದೇ ವಿನಂತಿ. ಮನೆಗೆ ಹೋದ ಮೇಲೆ ಬೀರುವಿನಲ್ಲಿರುವ ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಬೇಡಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೋಲೋನ್ ಎಂದೇನಾದರೂ ಕಣ್ಣಿಗೆ ಬಿದ್ದರೆ, ಇದನ್ನು ನನಗೆ ಬರೆದುಕೊಟ್ಟವರು ಯಾರು, ಎಷ್ಟು ದಿನಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಹಿಡಿದು ನಾಲ್ಕು ಜನ ಡಾಕ್ಟರ ಹತ್ತಿರ ಹೋದರೂ ಸಾಕು, ಮುಂದಿನ ವರ್ಷ ಸನ್ಮಾನಕ್ಕೆ ನಮಗೆ ಆಸಾಮಿ ಸಿಗುವುದಿಲ್ಲ.